ಕೆರೆ ಸುತ್ತ ಕಲ್ಲು ಕಟ್ಟಿದರೆ ನೀರ ಮೇಲಿನ ಜೇಡ ಎಲ್ಲಿ ಕೂರಬೇಕು?

ಕತ್ತಲಾದ ಮೇಲೆ ಒಂದು ಟಾರ್ಚ್ ತಗೊಂಡು ಕೆರೆ ಹತ್ತಿರ ಹೋಗಿ. ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಏನೂ ಕಾಣಲ್ಲ. ಕಣ್ಣಿನ ಪಕ್ಕಕ್ಕೇ ಎತ್ತಿ ಹಿಡಿದು ನೀರಂಚಿನ ಹುಲ್ಲಿನ ಮೇಲೆ ಬೆಳಕು ಬಿಡಿ. ಅಲ್ಲಲ್ಲಿ ಹಸಿರು ಚುಕ್ಕೆಗಳು ಹೊಳೆಯುತ್ತವೆ. ಮೊದಲ ಸಲ ನೋಡಿದಾಗ ನಾನು ಇಬ್ಬನಿ ಅಂದುಕೊಂಡಿದ್ದೆ. ಇಬ್ಬನಿ ಓಡಲ್ಲ ಅಲ್ವಾ, ಇವು ಓಡಿದವು. ಒಂದಂತೂ ಹುಲ್ಲಿನಿಂದ ಇಳಿದು ನೀರಿನ ಮೇಲೆಯೇ ನಾಲ್ಕು ಮೊಳ ದೂರ ಓಡಿ, ತೇಲುತ್ತಿದ್ದ ಒಂದು ಎಲೆ ಮೇಲೆ ಹತ್ತಿ ಕೂತುಬಿಟ್ಟಿತು. ಹಿಂದಿನಿಂದ ಕಾವಲುಗಾರ ಬಂದು ಕೇಳಿದ: "ಏನ್ ಕಳ್ಕೊಂಡೀರಿ ಸರ?"

ಜೇಡ ನೋಡಾಕತ್ತೀನಿ ಅಂದೆ. ಆತ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಸುಮ್ನೆ ಹೋದ.

ಆ ಹೊಳೆಯುವ ಚುಕ್ಕೆಗಳು ತೋಳ ಜೇಡಗಳ ಕಣ್ಣು. ರಾತ್ರಿ ರಸ್ತೆಯಲ್ಲಿ ಬೆಕ್ಕಿನ ಕಣ್ಣು ಹೊಳೆಯುತ್ತದಲ್ಲ, ಅದೇ ಥರ ಇವುಗಳ ಕಣ್ಣಿನ ಹಿಂದೆಯೂ ಬೆಳಕನ್ನು ವಾಪಸ್ ಕಳಿಸುವ ಪದರ ಇದೆ. ಇವು ಮನೆ ಮೂಲೆಯ ಜೇಡಗಳ ಹಾಗೆ ಬಲೆ ಕಟ್ಟಿ ಕಾಯುವುದಿಲ್ಲ, ಓಡಿ ಹಿಡಿಯುತ್ತವೆ. ಇವುಗಳ ದೂರದ ನೆಂಟರು ಮೀನುಗಾರ ಜೇಡಗಳು. ನಮ್ಮ ದೇಶದ ಕೆರೆ, ಹಳ್ಳ, ಹೊಳೆಗಳ ಅಂಚಲ್ಲಿ ಸಿಗುವ ನಿಲಸ್ ಅನ್ನುವ ಗುಂಪು ಈ ಬಗೆಯದ್ದು. ಕಂದು ಮೈ, ಕೆಲವಕ್ಕೆ ಎರಡೂ ಬದಿಗೆ ಬಿಳಿ ಪಟ್ಟಿ. ಒಮ್ಮೆ ಕಣ್ಣಿಗೆ ಅಭ್ಯಾಸ ಆಯಿತು ಅಂದರೆ ಹಗಲಲ್ಲೂ ಗುರುತಿಸಬಹುದು.

ಇದು ಬೇಟೆಗೆ ಕೂರುವ ಪರಿ ನೋಡಬೇಕು. ಹಿಂದಿನ ಕಾಲುಗಳು ಜೊಂಡಿನ ಕಡ್ಡಿ ಮೇಲೆ. ಮುಂದಿನ ಕಾಲುಗಳು ನೀರಿನ ಮೇಲೆ, ಮುಳುಗದ ಹಾಗೆ, ಸುಮ್ನೆ ಇಟ್ಟ ಹಾಗೆ. ನಮಗೆ ಅದು ವಿಶ್ರಾಂತಿ ತಗೊಳ್ತಿದೆ ಅನಿಸುತ್ತದೆ. ಅಸಲಿಗೆ ಅದು ನೀರನ್ನು ಓದುತ್ತಿರುತ್ತದೆ. ಗಾಳಿಗೆ ಏಳುವ ಅಲೆ ಬೇರೆ, ನೀರಿಗೆ ಬಿದ್ದು ಒದ್ದಾಡುವ ಹುಳದ ಸಣ್ಣ ಚುರುಕು ಅಲೆ ಬೇರೆ. ಎರಡನ್ನೂ ಅದು ಕಾಲಲ್ಲೇ ಬೇರ್ಪಡಿಸುತ್ತದೆ. ಬಲೆ ಕಟ್ಟುವ ಜೇಡಕ್ಕೆ ದಾರ ಹೇಗೋ, ಇದಕ್ಕೆ ನೀರಿನ ಮೇಲ್ಪದರ ಹಾಗೆ. ಅಂದರೆ ಇಡೀ ಕೆರೆಯೇ ಇದರ ಬಲೆ, ಆದರೆ ಕೂರಲು ಮಾತ್ರ ದಡದ ಒಂದು ಕಡ್ಡಿ ಬೇಕು.

ಅಪಾಯ ಬಂದರೆ ಕಡ್ಡಿ ಹಿಡಿದುಕೊಂಡು ನೀರೊಳಗೆ ಇಳಿಯುತ್ತದೆ. ಮೈಮೇಲಿನ ಕೂದಲು ನೀರನ್ನು ಹತ್ತಿರ ಬಿಡುವುದಿಲ್ಲ, ಹಾಗಾಗಿ ಮೈ ಸುತ್ತ ಗಾಳಿಯ ತೆಳು ಪದರ ಉಳಿಯುತ್ತದೆ. ನೀರೊಳಗೆ ಅದು ಬೆಳ್ಳಿ ಹಾಳೆ ಸುತ್ತಿದ ಹಾಗೆ ಕಾಣುತ್ತದೆ. ಆ ಗಾಳಿಯಲ್ಲೇ ಕೆಲವು ಜಾತಿಗಳು ಅರ್ಧ ಗಂಟೆವರೆಗೂ ಒಳಗೆ ಇರಬಲ್ಲವು. ವಾಟ್ಸಾಪಲ್ಲಿ ಓಡಾಡುವ 'ನೀರೊಳಗೆ ಗುಳ್ಳೆ ಮನೆ ಕಟ್ಟಿ ಬದುಕುವ ಜೇಡ' ಇದಲ್ಲ. ಅದು ಯುರೋಪ್ ಮತ್ತು ಉತ್ತರ ಏಷ್ಯಾದ ಬೇರೊಂದು ಜಾತಿ, ಪೂರ್ತಿ ನೀರೊಳಗೇ ಬದುಕುವ ಜೇಡ ಅದೊಂದೇ. ನಮ್ಮದು ಅರ್ಧ ನೀರು, ಅರ್ಧ ನೆಲ.

ಇವು ಮೀನನ್ನೂ ಹಿಡಿಯುತ್ತವೆ. 2014ರಲ್ಲಿ ಮಾರ್ಟಿನ್ ನೈಫೆಲರ್ ಮತ್ತು ಬ್ರಾಡ್ಲಿ ಪ್ಯೂಸಿ ಎಂಬ ಇಬ್ಬರು ವಿಜ್ಞಾನಿಗಳು ಜಗತ್ತಿನಲ್ಲಿ ಜೇಡಗಳು ಮೀನು ತಿಂದ ದಾಖಲೆಗಳನ್ನೆಲ್ಲ ಒಟ್ಟು ಮಾಡಿದರು. ಅಂಟಾರ್ಕ್ಟಿಕಾ ಬಿಟ್ಟರೆ ಎಲ್ಲ ಖಂಡಗಳಿಂದಲೂ ಸಿಕ್ಕವು. ಹಿಡಿದ ಮೀನು ಹೆಚ್ಚಾಗಿ 2ರಿಂದ 6 ಸೆಂಟಿಮೀಟರ್ ಉದ್ದದವು, ಸರಾಸರಿ ನೋಡಿದರೆ ಜೇಡದ ಮೈಗಿಂತ ಎರಡು ಪಟ್ಟಿಗೂ ಜಾಸ್ತಿ. ಹಿಡಿದ ಮೇಲೆ ಅದು ಮೀನನ್ನು ನೀರಲ್ಲೇ ತಿನ್ನಲ್ಲ, ದಡಕ್ಕೋ ಕಡ್ಡಿ ಮೇಲಕ್ಕೋ ಎಳೆದುಕೊಂಡು ಬರುತ್ತದೆ. ನೀರಲ್ಲಿ ಬಿಟ್ಟರೆ ಅದರ ಪಾಚಕ ರಸ ಕರಗಿ ಹೋಗುತ್ತದೆ. ಇಲ್ಲೂ ದಡವೇ ಬೇಕು.

ಮರಿ ಮಾಡುವಾಗ ದಡದ ಗಿಡ ಇನ್ನೂ ಜಾಸ್ತಿ ಬೇಕು. ತೋಳ ಜೇಡದ ತಾಯಿ ಮೊಟ್ಟೆ ಚೀಲವನ್ನು ಹಿಂದೆ ಅಂಟಿಸಿಕೊಂಡು ಓಡಾಡುತ್ತದೆ, ಮರಿ ಹೊರಬಂದ ಮೇಲೆ ಬೆನ್ನ ಮೇಲೆ ಹೊರುತ್ತದೆ. ಮೀನುಗಾರ ಜೇಡದ ತಾಯಿ ಹಾಗಲ್ಲ. ಗುಂಡನೆ ಮೊಟ್ಟೆ ಚೀಲವನ್ನು ಬಾಯಲ್ಲಿ ಕಚ್ಚಿ, ಹೊಟ್ಟೆ ಕೆಳಗೆ ಹಿಡಿದುಕೊಂಡೇ ದಿನಗಟ್ಟಲೆ ಓಡಾಡುತ್ತದೆ. ಬಾಯಿ ತುಂಬಿರುವಾಗ ಊಟ ಎಲ್ಲಿಯದು? ಮರಿ ಬರುವ ಹೊತ್ತಿಗೆ ನೀರಿಂದ ಮೇಲೆ ಎದ್ದ ನಾಲ್ಕಾರು ಕಡ್ಡಿಗಳನ್ನು ಸೇರಿಸಿ ಒಂದು ಗುಡಾರದ ಹಾಗೆ ಬಲೆ ನೇಯುತ್ತದೆ. ಬೇಟೆಗಲ್ಲ ಅದು, ತೊಟ್ಟಿಲು. ನೂರಾರು ಮರಿಗಳು ಒಳಗೆ, ತಾಯಿ ಹೊರಗೆ ಕಾವಲು. ಇದಕ್ಕೆ ಬೇಕಾದ್ದು ಇಷ್ಟೇ: ನೀರಲ್ಲಿ ಬೇರು ಬಿಟ್ಟು ಗಟ್ಟಿಯಾಗಿ ನಿಂತ ಗಿಡ, ಮತ್ತು ಆ ಕೆಲವು ವಾರ ಗಿಡವನ್ನು ಯಾರೂ ಕಡಿಯದೇ ಇರುವುದು.

ಇಷ್ಟು ಓದಿದ ಮೇಲೆ ನಮ್ಮ ಕಡೆ 'ಕೆರೆ ಅಭಿವೃದ್ಧಿ' ಅಂದರೆ ಏನು ಮಾಡುತ್ತಾರೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಮೊದಲು ಜೊಂಡು ತೆಗೆಯುತ್ತಾರೆ. ಆಮೇಲೆ ಜೆಸಿಬಿ ಇಳಿಸಿ ದಡವನ್ನು ನೇರ ಮಾಡುತ್ತಾರೆ. ಆಮೇಲೆ ಸುತ್ತ ಕಲ್ಲು ಹೊದಿಸುತ್ತಾರೆ, ಮೇಲೆ ಪೇವರ್ಸ್ ಹಾಕಿದ ವಾಕಿಂಗ್ ಟ್ರ್ಯಾಕ್, ಬಣ್ಣದ ದೀಪ, ಒಂದು ಸೆಲ್ಫಿ ಪಾಯಿಂಟ್. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ನಾನೂ ಅಲ್ಲಿ ವಾಕಿಂಗ್ ಮಾಡುತ್ತೇನೆ. ಆದರೆ ಆ ಕೆಲಸ ಮುಗಿದ ದಿನ ಅಲ್ಲಿ ಉಳಿಯುವುದು ಕೆರೆಯಲ್ಲ, ತೊಟ್ಟಿ. ನೀರು ಎಷ್ಟಿತ್ತೋ ಅಷ್ಟೇ ಇರುತ್ತದೆ, ಜಾಸ್ತಿಯೂ ಆಗಿರಬಹುದು, ಹೋಗಿರುವುದು ಮಾತ್ರ ನೀರೂ ಅಲ್ಲದ ನೆಲವೂ ಅಲ್ಲದ ಆ ಕೆಸರಿನ ಪಟ್ಟಿ. ಜೇಡ, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿ, ಸಣ್ಣ ಮೀನು, ನೀರುಕೋಳಿ ಎಲ್ಲ ಬದುಕುವುದು ಆ ಪಟ್ಟಿಯಲ್ಲೇ. ನಾವು ಕೆರೆಯನ್ನು ಆಳದಲ್ಲಿ ಲೆಕ್ಕ ಹಾಕುತ್ತೇವೆ, ಟಿಎಂಸಿಯಲ್ಲಿ ಲೆಕ್ಕ ಹಾಕುತ್ತೇವೆ, ಎಕರೆಯಲ್ಲಿ ಲೆಕ್ಕ ಹಾಕುತ್ತೇವೆ. ಅಂಚು ಎಷ್ಟು ಉದ್ದ ಇದೆ, ಎಷ್ಟು ಅಗಲ ಇದೆ ಅಂತ ಯಾರೂ ಕೇಳಲ್ಲ.

ಎಂಜಿನಿಯರ್ ಗೆಳೆಯನೊಬ್ಬ ಇದಕ್ಕೆ ಜಗಳಕ್ಕೇ ಬಂದ. ಕಲ್ಲು ಹೊದಿಸದಿದ್ದರೆ ಅಲೆ ಹೊಡೆದು ಏರಿ ಕುಸಿಯುತ್ತದೆ, ಏರಿ ಒಡೆದರೆ ಊರಿಗೆ ನೀರು, ಆಗ ನಿನ್ನ ಜೇಡ ಬಂದು ತಡೆಯುತ್ತದಾ ಅಂತ ಕೇಳಿದ. ಸರಿಯಾದ ಮಾತೇ. ಏರಿಗೆ ಕಲ್ಲು ಬೇಕೇ ಬೇಕು. ಆದರೆ ನಮ್ಮ ಹಳೆ ಕೆರೆಗಳಲ್ಲಿ ಏರಿ ಇರುವುದು ಇಳಿಜಾರಿನ ಕೆಳಗಿನ ಒಂದು ಬದಿಗೆ ಮಾತ್ರ. ನೀರು ಬಂದು ಸೇರುವ ಮೇಲಿನ ಬದಿ ತಟ್ಟೆಯ ಹಾಗೆ ನಿಧಾನಕ್ಕೆ ಏರುತ್ತಾ ಹೋಗುತ್ತದೆ. ಅಲ್ಲಿ ಮೊಣಕಾಲುದ್ದ ನೀರು, ಆಚೆ ಪಾದದಷ್ಟು, ಆಮೇಲೆ ಕೆಸರು, ಆಮೇಲೆ ಹುಲ್ಲು, ಆಮೇಲೆ ಹೊಲ. ಅಲ್ಲಿ ಅಲೆಯ ಹೊಡೆತ ಇಲ್ಲ, ಒಡೆಯುವಂಥ ಏರಿಯೂ ಇಲ್ಲ. ಕೆರೆ ಕಟ್ಟಿದ ಹಳಬರು ಆ ಬದಿಗೆ ಕಲ್ಲು ಹಾಕಲಿಲ್ಲ, ಹಾಕುವ ಅಗತ್ಯ ಇರಲಿಲ್ಲ. ಗೆಳೆಯ ಸುಮ್ಮನಾದ. ಆಮೇಲೆ ಹೇಳಿದ: "ಅಲ್ಲಿ ಹಾಕದಿದ್ರ ಒತ್ತುವರಿ ಆಗ್ತದಪ್ಪ. ಕಲ್ಲು ಹಾಕೂದು ನೀರಿಗೆ ಅಲ್ಲ, ಮಂದಿಗೆ." ಇದು ನನಗೆ ಹೊಳೆದಿರಲಿಲ್ಲ. ಗಡಿ ಗುರುತಿಗೆ ಬೇಲಿ ಇದೆ, ಕಂದಕ ಇದೆ, ಕಲ್ಲು ನೆಟ್ಟು ಗುರುತು ಹಾಕುವುದಿದೆ, ಅದಕ್ಕೆ ದಡ ಪೂರ್ತಿ ಮುಚ್ಚಬೇಕಾ ಅನ್ನುವ ನನ್ನ ಪ್ರಶ್ನೆ ಹಾಗೇ ಇದೆ. ಆದರೂ ಅವನ ಮಾತನ್ನು ತಳ್ಳಿಹಾಕಲು ಆಗಲಿಲ್ಲ.

ಒತ್ತುವರಿ ಅಂದಾಗ ಕಾನೂನಿನ ಮಾತು ಬರುತ್ತದೆ. ಇಲ್ಲಿ ವಿಷಯ ಸ್ವಲ್ಪ ವಿಚಿತ್ರವಾಗಿದೆ. ಕೇಂದ್ರದ ಜೌಗು ಪ್ರದೇಶ ಸಂರಕ್ಷಣೆ ನಿಯಮಗಳು 2017ರಲ್ಲಿ ಬಂದವು. ಆ ನಿಯಮದ ಪ್ರಕಾರ ನದಿಯ ಪಾತ್ರ ಜೌಗು ಪ್ರದೇಶ ಅಲ್ಲ. ಭತ್ತದ ಗದ್ದೆ ಅಲ್ಲ. ಕುಡಿಯುವ ನೀರಿಗೆ ಅಂತಲೇ ಮನುಷ್ಯರು ಕಟ್ಟಿದ ಕೆರೆ ಅಲ್ಲ. ನೀರಾವರಿಗೆ ಅಂತ ಕಟ್ಟಿದ್ದೂ ಅಲ್ಲ. ಈಗ ಬೆಳಗಾವಿ, ಬಾಗಲಕೋಟೆ, ವಿಜಯಪುರದ ನಕ್ಷೆ ಹಿಡಿದು ಕೂತು ಇವನ್ನೆಲ್ಲ ಒಂದೊಂದೇ ಅಳಿಸಿ ನೋಡಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ, ಡೋಣಿ ಹೋದವು. ಯಳ್ಳೂರು, ವಡಗಾವಿ ಕಡೆಯ ಗದ್ದೆ ಹೋದವು. ವಿಜಯಪುರಕ್ಕೆ ಕುಡಿಯುವ ನೀರು ಕೊಟ್ಟ ಭೂತನಾಳ ಕೆರೆ ಹೋಯಿತು. ಕೃಷ್ಣಾ ನೀರು ಪಂಪ್ ಮಾಡಿ ತುಂಬಿಸುವ ಆ ಜಿಲ್ಲೆಯ ಕೆರೆಗಳು ಬಹುತೇಕ ಹೋದವು. ಬಯಲು ಸೀಮೆಯಲ್ಲಿ ದೇವರು ಕೊಟ್ಟ ಸರೋವರ ಎಲ್ಲಿದೆ? ಇಲ್ಲಿ ನೀರು ನಿಂತಿದೆ ಅಂದರೆ ಯಾರೋ ಒಡ್ಡು ಕಟ್ಟಿದ್ದಾರೆ ಅಂತಲೇ ಅರ್ಥ. ಆದಿಲ್‌ಶಾಹಿ ಕಾಲದಲ್ಲಿ, 1651ರಲ್ಲಿ ಕಟ್ಟಿದ ಬೇಗಂ ತಲಾಬ್ ಕೂಡ ಊರಿಗೆ ನೀರು ಕೊಡಲಿಕ್ಕೆ ಕಟ್ಟಿದ್ದೇ. ಮುನ್ನೂರೈವತ್ತು ವರ್ಷ ಆದ ಮೇಲೂ ಅದನ್ನು 'ಕಟ್ಟಿದ್ದು' ಅಂತ ಹೊರಗಿಡಬೇಕಾ?

ಜೇಡಕ್ಕೆ ಇದು ಗೊತ್ತಾಗಲ್ಲ ಬಿಡಿ. ಅದಕ್ಕೆ ಕಟ್ಟಿದ ಕೆರೆ, ಕಟ್ಟದ ಕೆರೆ ಎರಡೂ ಒಂದೇ.

ತಮಾಷೆ ಅಂದರೆ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆ. ಅದೂ ಮಳೆ ನೀರು ಹಿಡಿದು ನೀರಾವರಿಗೆ ಬಳಸಲು ಕಟ್ಟಿದ ಕೆರೆಯೇ. ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ ಅಂತ 2024ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟ, ಅಂದರೆ ಮಹತ್ವದ ಜೌಗು ಪ್ರದೇಶ ಅನ್ನುವ ಅಂತಾರಾಷ್ಟ್ರೀಯ ಮನ್ನಣೆ, ಸಿಕ್ಕಿತು. ರಾಮ್ಸಾರ್ ಪಟ್ಟಿಯಲ್ಲಿರುವ ಜಾಗಗಳಿಗೆ 2017ರ ನಿಯಮ ಅನ್ವಯಿಸುತ್ತದೆ. ಅಂದರೆ ಹಕ್ಕಿ ಬಂದು ಇಳಿದು ಜಗತ್ತಿನ ಕಣ್ಣಿಗೆ ಬಿದ್ದರೆ ನೀರಾವರಿ ಕೆರೆಯೂ ಜೌಗು ಪ್ರದೇಶ, ಇಲ್ಲದಿದ್ದರೆ ಅಲ್ಲ. ರಾಜ್ಯದಲ್ಲಿ ರಾಮ್ಸಾರ್ ತಾಣ ಇರುವುದೇ ಬೆರಳೆಣಿಕೆಯಷ್ಟು. ರಂಗನತಿಟ್ಟು, ಮಾಗಡಿ, ಅಂಕಸಮುದ್ರ, ಅಘನಾಶಿನಿ. ನಮ್ಮ ಮೂರು ಜಿಲ್ಲೆಗಳಿಗೆ ಒಂದೂ ಇಲ್ಲ. ಹಕ್ಕಿಗಳ ಮೇಲೆ ನನಗೇನೂ ಸಿಟ್ಟಿಲ್ಲ, ಹೆರಕಲ್ ಹತ್ತಿರ ಹಿನ್ನೀರಲ್ಲಿ ಫ್ಲೆಮಿಂಗೊ ಬಂದಾಗ ನಾನೂ ಬೈಕ್ ಹತ್ತಿ ಓಡುತ್ತೇನೆ. ಆದರೆ ಎಣಿಸುವುದು ಹಕ್ಕಿಯನ್ನು ಮಾತ್ರ ಅಂದಾಗ, ಉಳಿಯುವುದೂ ಹಕ್ಕಿಗೆ ಬೇಕಾದ ಜಾಗ ಮಾತ್ರ.

ಕೇಂದ್ರದ ನಿಯಮ ಕೈಬಿಟ್ಟರೂ ರಾಜ್ಯದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಇತ್ತು. 2014ರದ್ದು. ಕೆರೆ ಚಿಕ್ಕದಿರಲಿ ದೊಡ್ಡದಿರಲಿ, ಸುತ್ತ 30 ಮೀಟರ್ ಬಫರ್, ಅಂದರೆ ಏನೂ ಕಟ್ಟದ ಖಾಲಿ ಜಾಗ, ಬಿಡಬೇಕು ಅನ್ನುತ್ತಿತ್ತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಇದಕ್ಕೆ ತಿದ್ದುಪಡಿ ಮಸೂದೆ ಒಪ್ಪಿತು. ಅದರ ಪ್ರಕಾರ ನೂರು ಎಕರೆಗಿಂತ ದೊಡ್ಡ ಕೆರೆಗೆ 30 ಮೀಟರ್ ಹಾಗೇ ಇರುತ್ತದೆ, ಕೆರೆ ಚಿಕ್ಕದಾದ ಹಾಗೆ ಬಫರ್ ಕಡಿಮೆ ಆಗುತ್ತಾ ಬರುತ್ತದೆ, ಸಣ್ಣವಕ್ಕೆ 3 ಮೀಟರ್. 3 ಮೀಟರ್ ಅಂದರೆ ಎಷ್ಟು? ಒಂದು ಕಾರು ಅಡ್ಡ ನಿಲ್ಲಿಸಿದರೆ ಮುಗೀತು. ಇದರ ಹಿಂದಿನ ತರ್ಕ ಏನು ಅಂತ ನನಗೆ ಅರ್ಥ ಆಗುತ್ತದೆ. ಊರ ನಡುವೆ ಅರ್ಧ ಎಕರೆ ಕುಂಟೆಗೂ 30 ಮೀಟರ್ ಬಿಡಿ ಅಂದರೆ ಸುತ್ತಲಿನ ಸಣ್ಣ ಜಾಗದವರು ಏನೂ ಕಟ್ಟೋ ಹಾಗಿಲ್ಲ. ಆದರೆ ಜೇಡದ ಲೆಕ್ಕ ಇಲ್ಲಿ ಉಲ್ಟಾ ಇದೆ. ದೊಡ್ಡ ಕೆರೆಯಲ್ಲಿ ಬಹುಭಾಗ ನಡುವಿನ ನೀರು, ಅಲ್ಲಿ ಜೇಡಕ್ಕೆ ಕೆಲಸ ಇಲ್ಲ. ಸಣ್ಣ ಕುಂಟೆಯಲ್ಲಿ ನೀರಿಗೆ ಹೋಲಿಸಿದರೆ ಅಂಚೇ ಜಾಸ್ತಿ. ಹತ್ತು ಎಕರೆಯ ಒಂದು ಕೆರೆಗಿಂತ ಒಂದೊಂದು ಎಕರೆಯ ಹತ್ತು ಕುಂಟೆಗಳಿಗೆ ಒಟ್ಟು ಮೂರು ಪಟ್ಟಿಗಿಂತ ಜಾಸ್ತಿ ದಡ ಇರುತ್ತದೆ. ಬೇಕಿದ್ದರೆ ಸುತ್ತಳತೆಯ ಸೂತ್ರ ಹಾಕಿ ನೋಡಿ.

ಇನ್ನು ನೀರಿನ ಗುಣ. ಒಂದು ಬಟ್ಟಲಲ್ಲಿ ನೀರು ಹಾಕಿ, ಒಣ ಸೂಜಿಯನ್ನು ಟಿಶ್ಯೂ ಕಾಗದದ ಮೇಲಿಟ್ಟು ಮೆಲ್ಲಗೆ ತೇಲಿಬಿಡಿ. ಕಾಗದ ನೆನೆದು ಮುಳುಗುತ್ತದೆ, ಸೂಜಿ ತೇಲುತ್ತದೆ. ಹತ್ತಿರದಿಂದ ನೋಡಿದರೆ ಸೂಜಿಯ ಕೆಳಗೆ ನೀರು ಸಣ್ಣಗೆ ತಗ್ಗಿರುವುದು ಕಾಣುತ್ತದೆ. ಜೇಡದ ಕಾಲಿನ ಕೆಳಗೂ ಅದೇ ತಗ್ಗು ಬೀಳುತ್ತದೆ, ಆ ತಗ್ಗನ್ನೇ ದೋಣಿಯ ಹುಟ್ಟಿನ ಹಾಗೆ ಹಿಂದಕ್ಕೆ ತಳ್ಳಿ ಅದು ಮುಂದೆ ಹೋಗುತ್ತದೆ. ಈಗ ಪಾತ್ರೆ ತೊಳೆಯುವ ಸೋಪಿನ ಒಂದೇ ಹನಿ ಬಟ್ಟಲಿಗೆ ಬಿಡಿ. ಸೂಜಿ ಆ ಕ್ಷಣಕ್ಕೆ ಕೆಳಗೆ. ಬೆಳಗಾವಿಯ ಬಳ್ಳಾರಿ ನಾಲೆಯ ನೊರೆ ನೋಡಿದವರಿಗೆ ನಾನು ಮುಂದೆ ಹೇಳಬೇಕಾಗಿಲ್ಲ. ಊರಿನ ಕೊಳಚೆ ಹೊತ್ತು ಬರುವ ಆ ನಾಲೆ ಮಳೆಗಾಲದಲ್ಲಿ ಉಕ್ಕಿ ಶಹಾಪುರ, ವಡಗಾವಿ ಕಡೆಯ ಗದ್ದೆಗಳಿಗೆ ನುಗ್ಗುವುದು ರೈತರ ಹಳೆ ಗೋಳು. ಬೆಳೆ ಕೊಳೆತದ್ದು ಎಲ್ಲರಿಗೂ ಕಾಣುತ್ತದೆ, ಪರಿಹಾರದ ಅರ್ಜಿಯೂ ಬೀಳುತ್ತದೆ. ಗದ್ದೆ ನೀರಿನ ಮೇಲೆ ಓಡಾಡುತ್ತಿದ್ದ ಜೇಡ ಏನಾಯಿತು ಅಂತ ಬರೆಯುವ ಕಾಲಂ ಅರ್ಜಿಯಲ್ಲಿ ಇರುವುದಿಲ್ಲ.

ಗದ್ದೆ ಜೇಡದ ಮಾತು ಸುಮ್ನೆ ಕರುಣೆಗೆ ಹೇಳುತ್ತಿಲ್ಲ. ಭತ್ತಕ್ಕೆ ಕಂದು ಜಿಗಿಹುಳು ಬೀಳುತ್ತದಲ್ಲ, ಪೈರು ಬುಡದಲ್ಲಿ ಕೂತು ರಸ ಹೀರಿ ಗದ್ದೆಯನ್ನೇ ಸುಟ್ಟ ಹಾಗೆ ಮಾಡುವ ಹುಳ. ಅದನ್ನು ತಿನ್ನುವವರಲ್ಲಿ ಗದ್ದೆಯ ತೋಳ ಜೇಡವೇ ಮುಂದು. ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ ಒಂದು ಜೇಡ ದಿನಕ್ಕೆ 5ರಿಂದ 15 ಹುಳ ತಿನ್ನುತ್ತದೆ. ಬೇಗ ಬೇಗ ಔಷಧಿ ಹೊಡೆದರೆ ಹುಳವೂ ಸಾಯುತ್ತದೆ, ಜೇಡವೂ ಸಾಯುತ್ತದೆ. ಆದರೆ ಹುಳದ ಮೊಟ್ಟೆ ಪೈರಿನ ದಂಟಿನ ಒಳಗೆ ಸುರಕ್ಷಿತ. ಎರಡು ವಾರ ಬಿಟ್ಟು ಹುಳ ವಾಪಸ್ ಬರುತ್ತದೆ, ಈ ಸಲ ತಿನ್ನುವವರು ಯಾರೂ ಇಲ್ಲ. ಇಂಡೋನೇಷ್ಯಾ ಈ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿತು, 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ಒಂದೇ ಏಟಿಗೆ ನಿಷೇಧಿಸಿತು. ನಮ್ಮ ಕಡೆ ಬದುವಿನ ಹುಲ್ಲು ಸುಡುವ ಕಳೆನಾಶಕ ಇನ್ನೊಂದು ತಲೆನೋವು. ಗದ್ದೆ ಕೊಯ್ಲಾದ ಮೇಲೆ ಜೇಡ ಹೋಗಿ ಇರುವುದು ಆ ಬದುವಿನ ಹುಲ್ಲಲ್ಲೇ. ಮನುಷ್ಯರಿಗೆ ಇವುಗಳಿಂದ ಅಪಾಯ ಇಲ್ಲ. ಹಿಡಿದು ಒತ್ತಿದರೆ ಕಚ್ಚಬಹುದು, ಒತ್ತಬೇಡಿ ಅಷ್ಟೇ.

ಬಾಗಲಕೋಟೆ ಕಡೆ ಸಮಸ್ಯೆಯೇ ಬೇರೆ. ಅಲ್ಲಿ ಅಂಚು ಕಲ್ಲಿನಡಿ ಹೋಗಿಲ್ಲ, ಒಂದು ಕಡೆ ನಿಲ್ಲುವುದೇ ಇಲ್ಲ. ಆಲಮಟ್ಟಿ ಈಗ ತುಂಬುವುದು 519.60 ಮೀಟರಿಗೆ. ಮಳೆಗಾಲದಲ್ಲಿ ಹಿನ್ನೀರು ಹೊಲದ ತನಕ ಬರುತ್ತದೆ, ಬೇಸಿಗೆಯಲ್ಲಿ ದೂರ ಸರಿದು ಬಿರುಕು ಬಿಟ್ಟ ಕರಿ ಮಣ್ಣು ಉಳಿಯುತ್ತದೆ. ಇಂಥ ಕಡೆ ನಿಧಾನಕ್ಕೆ ಬೇರೂರುವ ಜೊಂಡಿಗೆ ಕಷ್ಟ, ಬೇಶರಂ ಗಿಡಕ್ಕೆ ಸುಖ. ಕೃಷ್ಣಾ ಎರಡನೇ ನ್ಯಾಯಮಂಡಳಿ ಒಪ್ಪಿದ 524.256 ಮೀಟರಿಗೆ ಎತ್ತರಿಸುವ ದಿನ ಬಂದಾಗ ಈ ಅಂಚು ಮತ್ತೆ ಜಾಗ ಬದಲಿಸುತ್ತದೆ. ಅಲ್ಲಿ ಮೊದಲ ಮಾತು ಮನೆ, ಹೊಲ ಕಳೆದುಕೊಳ್ಳುವವರದ್ದು, ಅದರ ಮುಂದೆ ಜೇಡದ ಮಾತು ತೆಗೆಯಲು ನನಗೇ ಸಂಕೋಚ. ಧೂಪದಾಳದ ಒಡ್ಡು ಇದಕ್ಕೆ ವಿರುದ್ಧ. ಘಟಪ್ರಭೆಗೆ 1897ರಲ್ಲಿ ಕಟ್ಟಿದ ಒಡ್ಡು, ಹೂಳು ತುಂಬಿ ಆಳ ಕಡಿಮೆಯಾಗಿ, ನಡುಗಡ್ಡೆ, ಜೊಂಡು ಎಲ್ಲ ಬೆಳೆದು ಈಗ ಪಕ್ಷಿಧಾಮ. ಎಂಜಿನಿಯರ್‌ಗೆ ಹೂಳು ಅಂದರೆ ನಷ್ಟ. ಅಲ್ಲಿ ಅಂಚು ಹುಟ್ಟಿದ್ದು ಆ ನಷ್ಟದಿಂದಲೇ.

ಕಳೆದುಹೋದ ಅಂಚು ವಾಪಸ್ ಬರುತ್ತದಾ? ಬರುತ್ತದೆ ಅನ್ನಲು ಒಂದು ಗಟ್ಟಿ ಉದಾಹರಣೆ ಇಂಗ್ಲೆಂಡಿನದ್ದು. ಅಲ್ಲಿ ಫೆನ್ ರಾಫ್ಟ್ ಅನ್ನುವ ಮೀನುಗಾರ ಜೇಡ ಇದೆ, ನಮ್ಮ ಭಾಷೆಯಲ್ಲಿ ತೆಪ್ಪದ ಜೇಡ ಅನ್ನೋಣ. ಕಾಲು ಚಾಚಿದರೆ ಹೆಣ್ಣು ಅಂಗೈ ಅಗಲ. 1956ರಲ್ಲಿ ಎರಿಕ್ ಡಫಿ ಎಂಬ ವಿಜ್ಞಾನಿಗೆ ರೆಡ್‌ಗ್ರೇವ್ ಅಂಡ್ ಲೋಫಮ್ ಫೆನ್ ಎಂಬ ಜೌಗಿನಲ್ಲಿ ಇದು ಸಿಕ್ಕಿತು. ಸಿಕ್ಕ ಸ್ವಲ್ಪ ಕಾಲಕ್ಕೇ ಆ ಜೌಗಿನ ಪಕ್ಕ ಊರಿಗೆ ನೀರು ಕೊಡಲು ಬೋರ್‌ವೆಲ್ ಕೊರೆದರು. ಬೋರ್ ನೀರೆತ್ತುತ್ತಾ ಹೋಯಿತು, ಜೌಗು ಒಣಗುತ್ತಾ ಹೋಯಿತು, ಜೇಡ ಕೆಲವೇ ಗುಂಡಿಗಳಿಗೆ ಬಂದು ನಿಂತಿತು. ಈ ಕಥೆ ವಿಜಯಪುರದವರಿಗೆ ಹೇಳಿಕೊಡಬೇಕಾ? ಅವರು ಮಾಡಿದ್ದು ಇಷ್ಟು: 1999ರಲ್ಲಿ ಆ ಬೋರನ್ನೇ ಅಲ್ಲಿಂದ ದೂರಕ್ಕೆ ಸ್ಥಳಾಂತರಿಸಿದರು, ಒಣಗಿ ಹಾಳಾದ ಮೇಲ್ಮಣ್ಣನ್ನು ಕೆರೆದು ತೆಗೆದರು, ಬೆಳೆದು ನಿಂತ ಪೊದೆ ತೆಗೆದರು. ಜೇಡ ತಂದು ಬಿಡುವ ಕೆಲಸ ಶುರುವಾಗಿದ್ದು ಅದಾಗಿ ಹತ್ತು ವರ್ಷಕ್ಕೆ, 2010ರ ಹೊತ್ತಿಗೆ. ಹೆಲೆನ್ ಸ್ಮಿತ್ ಎಂಬ ವಿಜ್ಞಾನಿ ಮರಿಗಳನ್ನು ಒಂದೊಂದು ಗಾಜಿನ ಕೊಳವೆಯಲ್ಲಿ ಒಂದೊಂದರಂತೆ ಇಟ್ಟು, ಹಣ್ಣಿನ ನೊಣ ಹಾಕಿ ಸಾಕಿದರು. ಒಟ್ಟಿಗೆ ಇಟ್ಟರೆ ಒಂದನ್ನೊಂದು ತಿನ್ನುತ್ತವೆ. ಆ ಮರಿಗಳನ್ನು ಹೊಸ ಜೌಗುಗಳಿಗೆ ಬಿಟ್ಟರು, ಅಲ್ಲಿ ಅವು ನೆಲೆ ನಿಂತವು. ನಾನು ಇಲ್ಲಿ ಗಮನಿಸಿದ್ದು ಕ್ರಮವನ್ನು. ಮೊದಲು ನೀರು, ಆಮೇಲೆ ದಡ, ಕೊನೆಗೆ ಜೇಡ.

ನಮ್ಮಲ್ಲಿ ಬೋರ್ ಸರಿಸುವ ಮಾತು ದೂರ ಇರಲಿ. ಆದರೆ ಕೆರೆ ಕೆಲಸದ ಅಂದಾಜು ಪಟ್ಟಿ ಬರೆಯುವಾಗ ನೀರು ಬರುವ ಬದಿಗೆ ಕಲ್ಲು ಬೇಡ ಅಂತ ಒಂದು ಸಾಲು ಸೇರಿಸಿದರೆ ಖರ್ಚು ಜಾಸ್ತಿ ಆಗಲ್ಲ, ಉಳಿಯುತ್ತದೆ. ಜೊಂಡನ್ನು ಒಂದೇ ವರ್ಷ ಪೂರ್ತಿ ಕಡಿಯುವ ಬದಲು ಒಂದು ವರ್ಷ ಈ ಅರ್ಧ, ಮುಂದಿನ ವರ್ಷ ಆ ಅರ್ಧ ಕಡಿಯಬಹುದು. ಸೊಳ್ಳೆ ಆಗುತ್ತದೆ ಅನ್ನುತ್ತಾರೆ. ಜೇಡ ಸೊಳ್ಳೆಯನ್ನೆಲ್ಲ ತಿಂದು ಮುಗಿಸುತ್ತದೆ ಅಂತ ನಾನು ಹೇಳಲ್ಲ. ಆದರೆ ಊರಲ್ಲಿ ಕಾಡುವ ಸೊಳ್ಳೆಗೆ ಪ್ರಿಯವಾದದ್ದು ಕೊಳಚೆ ಸೇರಿ ಮೀನು ಸತ್ತ ನೀರು. ಮೊದಲು ಕೊಳಚೆ ಪೈಪ್ ತಿರುಗಿಸಿ, ಆಮೇಲೆ ಜೊಂಡಿನ ಮೇಲೆ ಆರೋಪ ಹೊರಿಸೋಣ.

ಆರಂಭದಲ್ಲಿ ಹೇಳಿದ ಕೆರೆಗೆ ವಾಪಸ್ ಬರುತ್ತೇನೆ. ಹೆಸರು ಬೇಡ. ಅಲ್ಲಿ ಸುತ್ತ ಕಲ್ಲು ಹಾಕುವ ಕೆಲಸ ನಡೆದು, ಇನ್ನೇನು ಮುಗಿಯಬೇಕು ಅನ್ನುವಾಗ ನಿಂತುಹೋಯಿತು. ಬಿಲ್ ಆಗಲಿಲ್ಲ ಅಂತ ಕೆಲವರು, ಕಲ್ಲು ಸಾಲಲಿಲ್ಲ ಅಂತ ಕೆಲವರು. ಮೂಡಣ ಮೂಲೆಯಲ್ಲಿ ಸುಮಾರು ಅರವತ್ತು ಹೆಜ್ಜೆಯಷ್ಟು ದಡ ಹಾಗೇ ಉಳಿದಿದೆ. ಕಲ್ಲು ಹಾಕಿದ ಉದ್ದಕ್ಕೂ ಟಾರ್ಚ್ ಬಿಟ್ಟುಕೊಂಡು ಬಂದೆ, ಎರಡು ಕಣ್ಣು ಹೊಳೆದಿರಬಹುದು. ಆ ಅರವತ್ತು ಹೆಜ್ಜೆಯಲ್ಲಿ ಎಣಿಸುವುದು ನಲವತ್ತರ ಆಸುಪಾಸಿಗೆ ತಪ್ಪಿಹೋಯಿತು. ಹೋದ ವಾರ ಬೆಳಿಗ್ಗೆ ವಾಕಿಂಗ್ ಗುಂಪಿನ ಹಿರಿಯರೊಬ್ಬರು ಒಂದು ಮನವಿ ಹಿಡಿದು ಬಂದರು. ಮೂಡಣ ಮೂಲೆ ಗಲೀಜಾಗಿದೆ, ಬಾಕಿ ಉಳಿದ ಕಲ್ಲು ಕೆಲಸ ಕೂಡಲೇ ಮುಗಿಸಬೇಕು ಅಂತ ಬರೆದಿತ್ತು. ಅದರ ಮೇಲೆ ಆಗಲೇ ಇಪ್ಪತ್ತೆರಡು ಸಹಿ ಬಿದ್ದಿದ್ದವು. ಕನ್ನಡಕ ಮರೆತು ಬಂದೀನಿ, ನಾಳೆ ಮಾಡ್ತೀನಿ ಅಂದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು.